ನಿಂತ ಗಾಡಿಗೆ ಬ್ರೇಕಿನಿಂದ ಬೆಂಕಿ: ರೀಕಾಲ್ ಸಂದೇಶ ಬಂದ ರಾತ್ರಿ ಮಾಡಬೇಕಾದ್ದು

ಚಾವಿ ಗೋಡೆಯ ಮೊಳೆಗೆ ತೂಗಿದೆ. ಕಾರು ಸಂಜೆಯಿಂದ ಮನೆಯ ಕೆಳಗಿನ ಪಾರ್ಕಿಂಗ್‌ನಲ್ಲಿ ನಿಂತಿದೆ, ಎಂಜಿನ್ ಯಾವಾಗಲೋ ತಣ್ಣಗಾಗಿದೆ. ಅಂಥ ಕಾರಿನ ಬಾನೆಟ್ಟಿನೊಳಗೆ ನಡುರಾತ್ರಿ ಬೆಂಕಿ ಹೊತ್ತಬಹುದು, ಅದೂ ಬ್ರೇಕಿನ ಒಂದು ಭಾಗದಿಂದ ಎಂದರೆ ಬಹಳ ಮಂದಿ ನಂಬುವುದಿಲ್ಲ. "ನಿಂತ ಗಾಡಿಗೆ ಬ್ರೇಕ್ ಎಲ್ಲಿ ಬಂತ್ರೀ? ಓಡಿದ್ರ ಬಿಸಿ ಆಗತೈತಿ" ಅಂತಾರೆ. ಅದು ಚಕ್ರದಲ್ಲಿ ಉಜ್ಜುವ ಲೈನರ್, ಪ್ಯಾಡ್ ಬಿಸಿಯಾಗುವ ಮಾತು, ಅದು ನಿಜವೇ. ಆದರೆ ಬೆಂಕಿಯ ಅಪಾಯವಿದೆ ಎಂದು ಕಂಪನಿಗಳು ಲಕ್ಷಗಟ್ಟಲೆ ಕಾರುಗಳನ್ನು ರಿಪೇರಿಗೆ ವಾಪಸ್ ಕರೆಸಿದ್ದು, ಅಂದರೆ ರೀಕಾಲ್ ಮಾಡಿದ್ದು, ಬೇರೆಯದೇ ಕಾರಣಕ್ಕೆ. ಅಲ್ಲಿ ತಪ್ಪು ಚಕ್ರದಲ್ಲಿಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಯೂನಿಟ್ಟಿನಲ್ಲಿದೆ.

ರೀಕಾಲ್ ಎಂದರೆ ಸರ್ವೀಸ್ ಸೆಂಟರಿನವರು ಪುರಸೊತ್ತಿನಲ್ಲಿ ಬನ್ನಿ ಎಂದು ಕಳಿಸುವ ಸಂದೇಶ, ಮುಂದಿನ ಸರ್ವೀಸಿಗೆ ಹೋದಾಗ ಮಾಡಿಸಿದರಾಯಿತು ಎಂದು ನಮ್ಮ ಕಡೆ ತಿಳಿದಿದ್ದಾರೆ. ಬಾಗಿಲಿನ ರಬ್ಬರ್, ಸೀಟಿನ ಬೋಲ್ಟು ಇಂಥವಕ್ಕೆ ಅದು ನಡೆದೀತು. ಆದರೆ ಸಂದೇಶದಲ್ಲಿ "ಗಾಡಿಯನ್ನು ಬಯಲಿನಲ್ಲಿ, ಕಟ್ಟಡದಿಂದ ದೂರ ನಿಲ್ಲಿಸಿ" ಎಂಬ ಸಾಲು ಇದ್ದರೆ, ಅದು ಈ ರಾತ್ರಿಯಿಂದಲೇ ಪಾಲಿಸಬೇಕಾದ ಸಾಲು. ರಿಪೇರಿ ಯಾವಾಗ ಎಂಬುದು ಆಮೇಲಿನ ಮಾತು, ಗಾಡಿ ಎಲ್ಲಿ ನಿಲ್ಲಬೇಕು ಎಂಬುದು ಮೊದಲಿನ ಮಾತು.

ಒಳಗೆ ಏನಾಗುತ್ತದೆ

ಬಾನೆಟ್ ಎತ್ತಿ ನೋಡಿ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ಎರಡು ಸಣ್ಣ ಲೋಹದ ಪೈಪು ಹೊರಟು, ಎರಡು ಮುಷ್ಟಿ ಗಾತ್ರದ ಒಂದು ದಿಮ್ಮಿಗೆ ಸೇರುತ್ತವೆ. ಅಲ್ಲಿಂದ ನಾಲ್ಕು ಪೈಪು ನಾಲ್ಕು ಚಕ್ರಕ್ಕೆ ಹೋಗುತ್ತವೆ. ಅದೇ ಎಬಿಎಸ್ ಯೂನಿಟ್. ಅದರಲ್ಲಿ ಮೂರು ಭಾಗ. ನಡುವೆ ಅಲ್ಯೂಮಿನಿಯಂ ಬ್ಲಾಕ್, ಅದರ ಕೊರೆದ ದಾರಿಗಳಲ್ಲಿ ಬ್ರೇಕ್ ಆಯಿಲ್ ಓಡಾಡುತ್ತದೆ. ಒಂದು ಮಗ್ಗುಲಿಗೆ ಪಂಪಿನ ಮೋಟರು. ಇನ್ನೊಂದು ಮಗ್ಗುಲಿಗೆ ಕಪ್ಪು ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸರ್ಕ್ಯೂಟ್ ಬೋರ್ಡ್. ಆಯಿಲ್ಲಿಗೂ ಕರೆಂಟಿಗೂ ನಡುವೆ ಇರುವುದು ಕೆಲವು ರಬ್ಬರ್ ಸೀಲು ಮಾತ್ರ. ಸೀಲು ಸೋತರೆ ಆಯಿಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಒಳಗೇ ಬೋರ್ಡಿನ ಕಡೆಗೆ ಜಿನುಗುತ್ತದೆ. ಆದ್ದರಿಂದ ಗಾಡಿ ಕೆಳಗೆ ರಟ್ಟು ಹಾಸಿ ಕಲೆ ಹುಡುಕಿದರೆ ಏನೂ ಸಿಗುವುದಿಲ್ಲ.

ಬ್ರೇಕ್ ಆಯಿಲ್ ಎಂದು ನಾವು ಕರೆದರೂ ಅದು ಆಯಿಲ್ ಅಲ್ಲ, ಗ್ಲೈಕಾಲ್ ಜಾತಿಯ ದ್ರವ. ಗಾಳಿಯ ತೇವವನ್ನು ತಾನಾಗಿ ಹೀರುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ಆಯಿಲ್ ಕುದಿಯುವುದು ಕನಿಷ್ಠ 230 ಡಿಗ್ರಿಗೆ, ಶೇ 3.7ರಷ್ಟು ನೀರು ಸೇರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205ರಿಂದ 140ಕ್ಕೆ. ಕುದಿಯುವ ಮಾತು ಘಾಟ್ ಇಳಿಯುವಾಗ ಮುಖ್ಯ. ಇಲ್ಲಿ ಮುಖ್ಯವಾದದ್ದು ಇನ್ನೊಂದು: ನೀರು ಕುಡಿದ, ಲೋಹದ ಕಸ ಸೇರಿದ ಹಳೇ ಆಯಿಲ್ ಕರೆಂಟು ಹರಿಸುತ್ತದೆ, ಬೋರ್ಡಿನ ತಾಮ್ರವನ್ನು ತಿನ್ನುತ್ತದೆ, ಕಾದರೆ ತಾನೇ ಉರಿಯುತ್ತದೆ.

ಇನ್ನು ಕರೆಂಟು. ಎಬಿಎಸ್ ಪಂಪು ಕ್ಷಣಾರ್ಧದಲ್ಲಿ ಭಾರಿ ಕರೆಂಟು ಎಳೆಯಬೇಕಾದ್ದರಿಂದ ಅದಕ್ಕೆ ಬ್ಯಾಟರಿಯಿಂದ ದಪ್ಪ ವೈರ್ ನೇರವಾಗಿ ಬರುತ್ತದೆ. ನಡುವೆ 30 ಅಥವಾ 40 ಆಂಪಿಯರ್ ಫ್ಯೂಸು, ಅಷ್ಟೇ. ಬಹಳಷ್ಟು ಗಾಡಿಗಳಲ್ಲಿ ಚಾವಿ ತಿರುವಿ ತೆಗೆದರೂ ಈ ವೈರಿನಲ್ಲಿ 12 ವೋಲ್ಟ್ ಇದ್ದೇ ಇರುತ್ತದೆ.

ಈಗ ಲೆಕ್ಕ ಹಾಕಿ. ಬೋರ್ಡಿನ ಮೇಲೆ ಬಿದ್ದ ಆಯಿಲ್ ಪೂರ್ತಿ ಶಾರ್ಟ್ ಮಾಡುವುದಿಲ್ಲ, ಅರೆಬರೆ ದಾರಿ ಮಾಡಿಕೊಡುತ್ತದೆ. 15 ಆಂಪಿಯರ್ ಹರಿಯಿತು ಅನ್ನಿ. 12 ವೋಲ್ಟಿಗೆ ಗುಣಿಸಿದರೆ 180 ವಾಟ್. ರೇಡಿಯೋ ಅಂಗಡಿಯವರು ಬೆಸುಗೆಗೆ ಬಳಸುವ ಸಣ್ಣ ಸೋಲ್ಡರಿಂಗ್ ಐರನ್ 25 ವಾಟ್, ಅದರ ಮೊನೆ ಸೀಸ ಕರಗಿಸುತ್ತದೆ. ಅದರ ಏಳು ಪಟ್ಟು ಬಿಸಿ, ಬೆಂಕಿಪೊಟ್ಟಣದಷ್ಟು ಜಾಗದಲ್ಲಿ, ಪ್ಲಾಸ್ಟಿಕ್ ಡಬ್ಬಿಯೊಳಗೆ, ಬ್ಯಾಟರಿ ಇಳಿಯುವವರೆಗೆ. 40 ಆಂಪಿಯರ್ ಫ್ಯೂಸಿಗೆ 15 ಆಂಪಿಯರ್ ಲೆಕ್ಕಕ್ಕೇ ಇಲ್ಲ, ಅದು ಸುಮ್ಮನೆ ಕೂತಿರುತ್ತದೆ. ಫ್ಯೂಸ್ ಇದ್ದೂ ಬೆಂಕಿ ಹತ್ತುವುದು ಹೀಗೆ.

ಇದು ಹೊಸ ಕಾಯಿಲೆಯಲ್ಲ

ಅಮೆರಿಕದಲ್ಲಿ ಫೋರ್ಡ್ ಕಂಪನಿ 1999ರಿಂದ 2009ರವರೆಗೆ ಕಂತು ಕಂತಾಗಿ ಒಂದು ಕೋಟಿ ನಲವತ್ತು ಲಕ್ಷಕ್ಕೂ ಹೆಚ್ಚು ಗಾಡಿ ವಾಪಸ್ ಕರೆಸಿತು. ಅಲ್ಲಿ ಎಬಿಎಸ್ ಅಲ್ಲ, ಬ್ರೇಕ್ ಒತ್ತಿದಾಗ ಕ್ರೂಸ್ ಕಂಟ್ರೋಲ್ (ಗಾಡಿಯ ವೇಗವನ್ನು ತಾನಾಗಿ ಒಂದೇ ಮಟ್ಟದಲ್ಲಿ ಇಡುವ ವ್ಯವಸ್ಥೆ) ಕಡಿಯುವ ಒಂದು ಸಣ್ಣ ಸ್ವಿಚ್ಚು. ಅದರ ಒಳಗೆ ಆಯಿಲ್ಲನ್ನೂ ಕರೆಂಟನ್ನೂ ಬೇರೆ ಇಟ್ಟಿದ್ದು ಕ್ಯಾಪ್ಟಾನ್ ಎಂಬ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ. ಸಾವಿರಾರು ಸಲ ಒತ್ತಿ ಒತ್ತಿ ಹಾಳೆ ಸೀಳಿತು, ಆಯಿಲ್ ಕರೆಂಟಿನ ಕಡೆ ಹೋಯಿತು. ಆ ಸ್ವಿಚ್ಚಿಗೂ ಚಾವಿ ತೆಗೆದ ಮೇಲೆ ಕರೆಂಟು ಇರುತ್ತಿತ್ತು. ಕಂಪನಿ ಕೊಟ್ಟ ಪರಿಹಾರದಲ್ಲಿ ಮುಖ್ಯವಾದದ್ದು ನಡುವೆ ಸಣ್ಣ ಫ್ಯೂಸ್ ಇರುವ ವೈರಿನ ತುಂಡು.

2019ರಲ್ಲಿ ನಿಸಾನ್ ಅಲ್ಲಿಯೇ ಸುಮಾರು 3,94,000 ಕಾರು ಕರೆಸಿತು. ಎಬಿಎಸ್ ಪಂಪಿನಿಂದ ಆಯಿಲ್ ಬೋರ್ಡಿಗೆ ಸೋರಿ ಬೆಂಕಿಯಾಗುವ ಅಪಾಯ, ಎಬಿಎಸ್ ದೀಪ ಹತ್ತಿದ್ದರೆ ಹೊರಗೆ ನಿಲ್ಲಿಸಿ ಎಂಬ ಸೂಚನೆ. 2020ರ ಆರಂಭದಲ್ಲಿ ಹ್ಯುಂಡೈ ಸುಮಾರು 4,30,000 ಹಳೇ ಎಲಾಂಟ್ರಾಗಳನ್ನು ಕರೆಸಿದ್ದು ಎಬಿಎಸ್ ಒಳಗೆ ತೇವ ಸೇರುತ್ತದೆಂದು. ಅದಕ್ಕೆ ಕೊಟ್ಟ ಮದ್ದು ಒಂದು ರಿಲೇ, ಗಾಡಿ ಬಂದ್ ಆದಾಗ ಕರೆಂಟನ್ನೂ ಬಂದ್ ಮಾಡಲು. ನಮಗೆ ಇದು ಫ್ಯೂಸಿಗಿಂತ ಮೇಲಾದ ಮದ್ದು ಅನ್ನಿಸುತ್ತದೆ, ಏಕೆಂದರೆ ಮಲಗಿದ ಮನೆಗೆ ಅಪಾಯ ಬರುವುದು ನಿಂತ ಗಾಡಿಯಿಂದ. 2023ರ ಸೆಪ್ಟೆಂಬರಿನಲ್ಲಿ ಹ್ಯುಂಡೈ, ಕಿಯಾ ಎರಡೂ ಸೇರಿ ಅಮೆರಿಕದಲ್ಲಿ ಸುಮಾರು 34 ಲಕ್ಷ ಕಾರುಗಳ ರೀಕಾಲ್ ಘೋಷಿಸಿದವು, ರಿಪೇರಿ ಆಗುವವರೆಗೆ ಕಟ್ಟಡದಿಂದ ದೂರ ನಿಲ್ಲಿಸಿ ಎಂದವು. ಪರಿಹಾರ ಫ್ಯೂಸ್ ಬದಲಾವಣೆ. ಅದೇ ವರ್ಷದ ನವೆಂಬರಿನಲ್ಲಿ ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆ ಈ ಎರಡು ಕಂಪನಿಗಳ ಇಂಥ 16 ರೀಕಾಲ್‌ಗಳನ್ನು ಒಟ್ಟಿಗೆ ಪರಿಶೀಲನೆಗೆ ತೆಗೆದುಕೊಂಡಿತು.

ಆ ಪಟ್ಟಿಯಲ್ಲಿ ನಿಮ್ಮ ಕಾರಿನ ಹೆಸರು ಕಂಡ ಕೂಡಲೇ ಗಾಬರಿಯಾಗಬೇಡಿ. ಅವು ಅಮೆರಿಕಕ್ಕೆ ಮಾರಿದ ಗಾಡಿಗಳು. ಹೆಸರು ಒಂದೇ ಇದ್ದರೂ ಇಲ್ಲಿ ತಯಾರಾದ ಗಾಡಿಗೆ ಎಬಿಎಸ್ ಬೇರೆ ಕಾರ್ಖಾನೆಯದಿರಬಹುದು. ಹಾಗೆಯೇ ಪಟ್ಟಿಯಲ್ಲಿ ಇಲ್ಲವೆಂದು ನಿರಾಳವಾಗಲೂ ಬೇಡಿ. ನಿಮ್ಮ ಗಾಡಿಯ ಉತ್ತರ ನಿಮ್ಮ ಚಾಸಿಸ್ ನಂಬರಿನಲ್ಲಿದೆ. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ಅಂದರೆ ಆ ವರ್ಷ ಬಂದ ಗಾಡಿಗಳ ಯೂನಿಟ್ಟುಗಳಿಗೆ ಈಗ ವಯಸ್ಸಾಗುತ್ತಿದೆ.

ಬ್ರೇಕಿನ ರೀಕಾಲ್ ಎಲ್ಲವೂ ಬೆಂಕಿಯದ್ದಲ್ಲ ಎಂಬುದೂ ನೆನಪಿರಲಿ. 2021ರ ಡಿಸೆಂಬರಿನಲ್ಲಿ ರಾಯಲ್ ಎನ್‌ಫೀಲ್ಡ್ 26,300 ಕ್ಲಾಸಿಕ್ 350 ಕರೆಸಿದ್ದು ಹಿಂದಿನ ಡ್ರಮ್ ಬ್ರೇಕಿನ ರಿಯಾಕ್ಷನ್ ಬ್ರ್ಯಾಕೆಟ್ ಜಖಂ ಆಗಬಹುದೆಂದು. 2022ರ ಅಕ್ಟೋಬರಿನಲ್ಲಿ ಮಾರುತಿ 9,925 ವ್ಯಾಗನ್ ಆರ್, ಸೆಲೆರಿಯೋ, ಇಗ್ನಿಸ್ ಕರೆಸಿದ್ದು ಹಿಂದಿನ ಬ್ರೇಕ್ ಅಸೆಂಬ್ಲಿಯ ಪಿನ್ ಮುರಿಯಬಹುದೆಂದು. ಅಂಥವುಗಳಲ್ಲಿ ಗಾಡಿ ಓಡಿಸುವುದೇ ಅಪಾಯ, ನಿಲ್ಲಿಸುವುದಲ್ಲ. ಸಂದೇಶವನ್ನು ಪೂರ್ತಿ ಓದಿ, ನಿಮ್ಮದು ಯಾವ ಜಾತಿಯದು ಎಂದು ತಿಳಿದುಕೊಳ್ಳಿ.

ಈ ರಾತ್ರಿ ಗಾಡಿ ಎಲ್ಲಿ ನಿಲ್ಲಬೇಕು

ಬೆಳಗಾವಿಯ ಶಹಾಪುರ, ವಡಗಾವಿ, ಖಾಸಬಾಗದ ಕಡೆ ಮನೆಯ ಮುಂಭಾಗದಲ್ಲೇ ಕಾರು, ಅದರ ಹಿಂದೆ ಮಗ್ಗ, ಮಗ್ಗದ ಪಕ್ಕ ನೂಲಿನ ಗಂಟು. ರಬಕವಿ ಬನಹಟ್ಟಿ, ಇಳಕಲ್ಲಿನಲ್ಲೂ ಹಾಗೆಯೇ. ಹೊಸ ಬಡಾವಣೆಗಳಲ್ಲಿ ಕೆಳಗೆ ಪಾರ್ಕಿಂಗ್, ಮೇಲೆ ಮನೆ. ಪಾರ್ಕಿಂಗಿನಲ್ಲೇ ಕರೆಂಟಿನ ಮೀಟರ್ ಬೋರ್ಡು, ಬೈಕುಗಳು, ಒಂದು ಮೂಲೆಗೆ ತುಂಬಿದ ಗ್ಯಾಸ್ ಸಿಲಿಂಡರ್, ಮೇಲಿನಿಂದ ಇಳಿಯಲು ಇರುವ ಒಂದೇ ಜಿನೆ ಅದೇ ಪಾರ್ಕಿಂಗಿಗೆ ಬಂದು ಸೇರುತ್ತದೆ. ಹಳ್ಳಿಯಲ್ಲಾದರೆ ದನದ ಕೊಟ್ಟಿಗೆಯ ಪಕ್ಕ, ಜೋಳದ ಕಣಕಿಯ ಬಣವೆಗೆ ಒರಗಿದಂತೆ ಕಾರು. ಈ ಮೂರೂ ಜಾಗ ಬೇಡ. ಗೋಡೆಯಿಂದ, ಬಣವೆಯಿಂದ, ಪಕ್ಕದ ಗಾಡಿಯಿಂದ 15-20 ಅಡಿ ದೂರ ಸಿಗುವ ಬಯಲು ನೋಡಿ. ಓಣಿ ಇಕ್ಕಟ್ಟಾಗಿದ್ದರೆ ಹತ್ತಿರದ ಮೈದಾನವೋ ಸ್ನೇಹಿತರ ಖಾಲಿ ಪ್ಲಾಟೋ ಆದೀತು. ನಾಲ್ಕು ದಿನ ನಡೆದು ಹೋಗುವ ತೊಂದರೆಯನ್ನು ಸಹಿಸಿಕೊಳ್ಳಬೇಕು.

ಮೇಲೆ ಕವರ್ ಹೊದಿಸಬೇಡಿ. ನಮ್ಮಲ್ಲಿ ಧೂಳು ಹೆಚ್ಚು, ಕವರ್ ಹಾಕುವುದು ರೂಢಿ. ಆದರೆ ಕವರ್ ಹೊಗೆಯನ್ನು ಮುಚ್ಚಿಡುತ್ತದೆ, ಹತ್ತಿದ ಮೇಲೆ ತಾನೂ ಉರಿಯುತ್ತದೆ.

ದೂರ ನಿಲ್ಲಿಸಲು ಜಾಗವೇ ಇಲ್ಲದವರಿಗೆ, ಇದ್ದವರಿಗೂ, ಇನ್ನೊಂದು ಉಪಾಯ ಬ್ಯಾಟರಿ ಬಿಚ್ಚುವುದು. ಕರೆಂಟೇ ಇಲ್ಲದಿದ್ದರೆ ಎಬಿಎಸ್ ಒಳಗೆ ಆಯಿಲ್ ಬಿದ್ದರೂ ಕಾಯುವುದಿಲ್ಲ. ಚಾವಿ ತೆಗೆದು ಐದು ನಿಮಿಷ ಬಿಡಿ. ಬಹುತೇಕ ಕಾರುಗಳಿಗೆ 10 ನಂಬರ್ ಪಾನಾ ಸಾಕು. ಮೊದಲು ನೆಗೆಟಿವ್, ಅಂದರೆ ಕಪ್ಪು ವೈರಿನ ಟರ್ಮಿನಲ್ ಸಡಿಲಿಸಿ. ಮೊದಲು ಪಾಸಿಟಿವ್ ಬಿಚ್ಚಲು ಹೋದರೆ ಪಾನಾ ಗಾಡಿಯ ಲೋಹಕ್ಕೆ ತಾಗಿದ ಕ್ಷಣ ಕಿಡಿ ಹಾರುತ್ತದೆ. ಬಿಚ್ಚಿದ ಟರ್ಮಿನಲ್‌ಗೆ ಒಣ ಬಟ್ಟೆ ಸುತ್ತಿ, ತಿರುಗಿ ಹೋಗಿ ತಾಗದಂತೆ ಪಕ್ಕಕ್ಕೆ ಸರಿಸಿಡಿ. ನೆಗೆಟಿವ್ ಒಂದೇ ಸಾಕು, ಪಾಸಿಟಿವ್ ಮುಟ್ಟಬೇಕಿಲ್ಲ. ಬೆಳಿಗ್ಗೆ ಸೇರಿಸಿದ ಮೇಲೆ ಗಡಿಯಾರ, ಕಿಟಕಿಯ ಆಟೋ ಬಟನ್ ಮತ್ತೆ ಹೊಂದಿಸಬೇಕಾಗುತ್ತದೆ. ಕೆಲವು ಗಾಡಿಯಲ್ಲಿ ಸ್ಟೇರಿಂಗಿನ ದೀಪ ಸ್ವಲ್ಪ ದೂರ ಓಡುವವರೆಗೆ ಹೋಗುವುದಿಲ್ಲ. ಬ್ಯಾಟರಿ ಡಿಕ್ಕಿಯಲ್ಲಿದ್ದು ಡಿಕ್ಕಿ ಕರೆಂಟಿನಿಂದಲೇ ತೆರೆಯುವಂಥದ್ದಾದರೆ ಮುಚ್ಚುವ ಮೊದಲು ಯೋಚಿಸಿ. ಬಟನ್ ಹ್ಯಾಂಡ್‌ಬ್ರೇಕ್ ಇದ್ದರೆ ಬ್ಯಾಟರಿ ಇಲ್ಲದೆ ಅದು ಬಿಡುವುದಿಲ್ಲ. ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿಗೆ ಈ ಕೆಲಸ ನೀವಾಗಿ ಮಾಡಬೇಡಿ, ಕಂಪನಿಯವರನ್ನು ಕೇಳಿ.

ಎಂಎಚ್, ಜಿಎ ನಂಬರಿನ ಗಾಡಿಗಳು

ಗಡಿ ಜಿಲ್ಲೆಗಳಲ್ಲಿ ನಿಜವಾದ ತೊಡಕು ಇಲ್ಲಿದೆ. ಕೊಲ್ಹಾಪುರ, ಸೊಲ್ಲಾಪುರ, ಪುಣೆ, ಗೋವಾದಿಂದ ಸೆಕೆಂಡ್ ಹ್ಯಾಂಡ್ ಕಾರು ತರುವುದು ಬೆಳಗಾವಿಯಲ್ಲೂ ವಿಜಯಪುರದಲ್ಲೂ ಸಾಮಾನ್ಯ. ಕಂಪನಿಯ ದಾಖಲೆಯಲ್ಲಿ ಇರುವುದು ಮೊದಲ ಮಾಲೀಕರ ಮೊಬೈಲ್ ನಂಬರು. ರೀಕಾಲ್ ಸಂದೇಶ ಅವರಿಗೆ ಹೋಗುತ್ತದೆ. "ಮಾರಿ ನಾಕು ವರ್ಷ ಆತು" ಎಂದು ಅವರು ಅದನ್ನು ಅಳಿಸಿಬಿಡುತ್ತಾರೆ. ಗಾಡಿ ಇರುವುದು ಮುಧೋಳದಲ್ಲೋ ಇಂಡಿಯಲ್ಲೋ. ಹೀಗಾಗಿ ಸಂದೇಶ ಬಂದಿಲ್ಲ ಎಂಬುದು ರೀಕಾಲ್ ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ.

ಆರ್‌ಸಿಯಲ್ಲಿ ಇರುವ ಚಾಸಿಸ್ ನಂಬರ್ ತೆಗೆದುಕೊಳ್ಳಿ. ಅದು 17 ಅಕ್ಷರ ಮತ್ತು ಅಂಕಿ. ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರ ಅದರಲ್ಲಿ ಬರುವುದೇ ಇಲ್ಲ, ಹಾಗೆ ಕಂಡದ್ದು ಒಂದು ಅಥವಾ ಸೊನ್ನೆ. ವೆಬ್‌ಸೈಟಿನಲ್ಲಿ ಹಾಕಿದಾಗ ತಪ್ಪು ಎಂದು ಬರುವುದು ಬಹಳ ಸಲ ಇದೇ ಕಾರಣಕ್ಕೆ. ಆರ್‌ಸಿಯ ನಂಬರನ್ನು ಗಾಡಿಯ ಮೇಲೆ ಕೊರೆದ ನಂಬರಿಗೆ ಹೋಲಿಸಿ. ಬೇರೆ ಬೇರೆ ಗಾಡಿಯಲ್ಲಿ ಅದು ಎಂಜಿನ್ನಿನ ಹಿಂದಿನ ಗೋಡೆಯ ಮೇಲೆ ಅಥವಾ ಮುಂದಿನ ಸೀಟಿನ ಕೆಳಗಿನ ಕಾರ್ಪೆಟ್ಟಿನಡಿ ಇರುತ್ತದೆ. ಕಂಪನಿಯ ಜಾಲತಾಣದಲ್ಲಿ ರೀಕಾಲ್ ಪುಟವಿದ್ದರೆ ಅಲ್ಲಿ ಈ ನಂಬರ್ ಹಾಕಿ. ಇಲ್ಲವಾದರೆ ಯಾವುದೇ ಊರಿನ ಅಧಿಕೃತ ಸರ್ವೀಸ್ ಸೆಂಟರಿಗೆ ಹೋಗಿ "ಈ ಚಾಸಿಸ್ ಮೇಲೆ ಬಾಕಿ ಕ್ಯಾಂಪೇನ್ ಏನಾದರೂ ಐತೇನ್ರಿ, ಸಿಸ್ಟಮ್ಮಿನಾಗ ನೋಡ್ರಿ" ಎಂದು ಕೇಳಿ. ಅವರ ಭಾಷೆಯಲ್ಲಿ ರೀಕಾಲ್ ಎಂದರೆ ಕ್ಯಾಂಪೇನ್. ವಾಹನ ತಯಾರಕರ ಒಕ್ಕೂಟ ಸಿಯಾಮ್ ಜಾಲತಾಣದಲ್ಲೂ ಕಂಪನಿಗಳ ಸ್ವಯಂಪ್ರೇರಿತ ರೀಕಾಲ್‌ಗಳ ಪಟ್ಟಿಯಿದೆ. ಕೇಳಿದ ದಿನವೇ ನಿಮ್ಮ ಹೆಸರು, ಮೊಬೈಲ್ ನಂಬರನ್ನು ಆ ಚಾಸಿಸ್ಸಿಗೆ ಸೇರಿಸಿಸಿ ಬನ್ನಿ, ಮುಂದಿನ ಸಂದೇಶ ನಿಮಗೇ ಬರಲಿ.

2019ರ ಆಗಸ್ಟಿನ ಪ್ರವಾಹದಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಊರುಗಳಲ್ಲಿ ನೀರು ನಿಂತದ್ದು ಎಲ್ಲರಿಗೂ ಗೊತ್ತು. ಹಾಗೆ ನೀರು ಹೊಕ್ಕ ಗಾಡಿ ತೊಳೆದು ಹೊಳಪು ಕೊಟ್ಟು ಮಾರಿದ್ದಾಗಿದ್ದರೆ ರೀಕಾಲ್ ಇರಲಿ ಬಿಡಲಿ ಅದರ ಎಬಿಎಸ್ ಕನೆಕ್ಟರ್ ಬಿಚ್ಚಿಸಿ ನೋಡಿಸಿ. ಪಿನ್ನುಗಳ ಮೇಲೆ ಹಸಿರು ಕಿಲುಬು ಇದ್ದರೆ ನೀರು ಒಳಗೆ ಹೋಗಿದೆ.

ರೀಕಾಲ್ ಇಲ್ಲದಿದ್ದರೂ ಗಮನಿಸಬೇಕಾದ್ದು

ಬ್ರೇಕ್ ಆಯಿಲ್ ಡಬ್ಬಿಯ ಮೇಲೆ ಮ್ಯಾಕ್ಸ್, ಮಿನ್ ಎಂದು ಎರಡು ಗೆರೆ. ಪ್ಯಾಡ್ ಸವೆದಂತೆ ಮಟ್ಟ ನಿಧಾನಕ್ಕೆ ಇಳಿಯುತ್ತದೆ, ಹೊಸ ಪ್ಯಾಡ್ ಹಾಕಿದಾಗ ಮೇಲೇರುತ್ತದೆ. ಅದು ಸಹಜ. ತಿಂಗಳಲ್ಲಿ ಒಂದು ಬೆರಳಿನಷ್ಟು ಇಳಿದರೆ ಎಲ್ಲೋ ಸೋರುತ್ತಿದೆ. ನಮ್ಮ ಗ್ಯಾರೇಜುಗಳಲ್ಲಿ ಒಂದು ಕೆಟ್ಟ ರೂಢಿಯಿದೆ: ಗಾಡಿ ಬಂದಾಗಲೆಲ್ಲ ಕೇಳದೆಯೇ ಮ್ಯಾಕ್ಸ್‌ವರೆಗೆ ಆಯಿಲ್ ತುಂಬುವುದು. ಮಿಸ್ತ್ರಿಗಳು ಇದನ್ನು ಉಪಕಾರವೆಂದೇ ಮಾಡುತ್ತಾರೆ. ಆದರೆ ಸೋರಿಕೆ ಹೇಳುವ ಮೊದಲ ಸಾಕ್ಷಿ ಆ ಮಟ್ಟವೇ. ಮಾರ್ಕರ್ ಪೆನ್ನಿನಿಂದ ಡಬ್ಬಿಯ ಮೇಲೆ ಗೆರೆ ಎಳೆದು ತಾರೀಖು ಬರೆದಿಡಿ, ತುಂಬಬೇಡಿ ಎಂದು ಹೇಳಿಡಿ.

ಮಟ್ಟ ಇಳಿದರೆ ಹುಡುಕುವ ಕ್ರಮ ಹೀಗೆ. ನಾಲ್ಕೂ ಚಕ್ರದ ಒಳಮೈ ಒದ್ದೆಯಾಗಿದೆಯೇ. ಪೈಪಿನ ಜೋಡಣೆಗಳು ಒದ್ದೆಯೇ. ಮಾಸ್ಟರ್ ಸಿಲಿಂಡರ್ ಬೂಸ್ಟರಿಗೆ (ಪೆಡಲಿನ ಒತ್ತಿಗೆ ಬಲ ಸೇರಿಸುವ ದುಂಡನೆಯ ಡಬ್ಬಿ) ಕೂರುವ ಜಾಗದ ಕೆಳಗೆ ಬಣ್ಣ ಗುಳ್ಳೆಯೆದ್ದಿದೆಯೇ, ಏಕೆಂದರೆ ಬ್ರೇಕ್ ಆಯಿಲ್ ಬಣ್ಣವನ್ನು ಎಬ್ಬಿಸುತ್ತದೆ. ಬಹಳ ಕಾರುಗಳಲ್ಲಿ ಕ್ಲಚ್ಚಿಗೂ ಇದೇ ಡಬ್ಬಿಯ ಆಯಿಲ್ ಹೋಗುತ್ತದೆ, ಆದ್ದರಿಂದ ಕ್ಲಚ್ ಪೆಡಲಿನ ಮೇಲಿನ ಭಾಗ, ಗೇರ್ ಬಾಕ್ಸಿನ ಪಕ್ಕ ನೋಡಬೇಕು. ಇವೆಲ್ಲ ಒಣಗಿದ್ದೂ ಮಟ್ಟ ಇಳಿಯುತ್ತಿದ್ದರೆ ಆಗ ಸಂಶಯ ಎಬಿಎಸ್ ಯೂನಿಟ್ಟಿನ ಮೇಲೆ.

ಎಬಿಎಸ್‌ನ ಹಳದಿ ದೀಪ ಆರದೆ ಉಳಿಯುವುದು, ಚಾವಿ ತೆಗೆದ ಮೇಲೂ ಬಾನೆಟ್ಟಿನೊಳಗಿಂದ ಗುಂಯ್ ಎನ್ನುವ ಪಂಪಿನ ಸದ್ದು, ಸುಟ್ಟ ಪ್ಲಾಸ್ಟಿಕ್ ವಾಸನೆ, ಒಳ್ಳೆಯ ಬ್ಯಾಟರಿ ರಾತ್ರಿ ಬೆಳಗಾಗುವಷ್ಟರಲ್ಲಿ ಇಳಿದಿರುವುದು ಇವೂ ಸೂಚನೆ. ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮೊದಲು ಯೂನಿಟ್ಟಿನ ಕಪ್ಪು ಡಬ್ಬಿಯ ಹತ್ತಿರ ಕೈ ಒಯ್ಯಿರಿ. ಸುತ್ತಲಿನ ಲೋಹ ತಣ್ಣಗಿದ್ದು ಅದೊಂದೇ ಬೆಚ್ಚಗಿದ್ದರೆ ಅಲ್ಲೇ ಬ್ಯಾಟರಿ ಬಿಚ್ಚಿ, ಗಾಡಿ ಓಡಿಸಬೇಡಿ, ಎತ್ತಿಸಿಕೊಂಡು ಹೋಗಲು ಹೇಳಿ.

ಮಲ್ಟಿಮೀಟರ್ ಇದ್ದವರು ಅಳತೆಯನ್ನೇ ತೆಗೆಯಬಹುದು. ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ನೆಗೆಟಿವ್ ಟರ್ಮಿನಲ್ ಬಿಚ್ಚಿ, ಬ್ಯಾಟರಿಯ ಕಂಬಕ್ಕೂ ಬಿಚ್ಚಿದ ವೈರಿಗೂ ನಡುವೆ ಮೀಟರ್ ಸೇರಿಸಿ. ಬಾಗಿಲೆಲ್ಲ ಮುಚ್ಚಿರಲಿ, ಚಾವಿ ಮನೆಯೊಳಗಿರಲಿ. ಗಾಡಿಯ ಕಂಪ್ಯೂಟರ್‌ಗಳು ಮಲಗಲು 30-40 ನಿಮಿಷ ಬೇಕು. ಆಮೇಲೆ 20ರಿಂದ 50 ಮಿಲಿ ಆಂಪಿಯರ್ ಬಂದರೆ ಸರಿ. ಇನ್ನೂರು ಮುನ್ನೂರರ ಮೇಲೆ ನಿಂತು, ಎಬಿಎಸ್ ಫ್ಯೂಸ್ ಕಿತ್ತ ಕೂಡಲೇ ಇಳಿದರೆ ಕಳ್ಳ ಸಿಕ್ಕ ಹಾಗೆ. ಮೀಟರ್ ನಡುವೆ ಇದ್ದಾಗ ಚಾವಿ ತಿರುವಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ.

ಆಯಿಲ್ ಪೂರ್ತಿ ಬದಲಿಸುವುದು ಎರಡು ವರ್ಷಕ್ಕೊಮ್ಮೆ. ಒಂದು ಕಾರಿಗೆ ಅರ್ಧದಿಂದ ಒಂದು ಲೀಟರ್ ಸಾಕು. ಸೀಲು ಒಡೆಯದ ಡಬ್ಬಿಯನ್ನು ನಿಮ್ಮೆದುರೇ ಒಡೆಯಲಿ. ಖಾನಾಪುರ, ಜಾಂಬೋಟಿ ಕಡೆಯ ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟ ಡಬ್ಬಿ ಕೆಲವೇ ದಿನದಲ್ಲಿ ತೇವ ಕುಡಿದಿರುತ್ತದೆ. ಮುಚ್ಚಳದ ಮೇಲೆ ಡಾಟ್ 4 ಎಂದಿದ್ದರೆ ಡಾಟ್ 3 ಬೆರೆಸಬೇಡಿ. ಸ್ಟೇರಿಂಗ್ ಆಯಿಲ್, ಎಂಜಿನ್ ಆಯಿಲ್ ಒಂದು ಹನಿ ಬಿದ್ದರೂ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ. ವಾಷಿಂಗ್ ಸೆಂಟರಿನಲ್ಲಿ ಎಂಜಿನ್ ಮೇಲೆ ಪ್ರೆಷರ್ ನೀರು ಹೊಡೆಸುವುದನ್ನೂ ಬಿಡಿ. 2021ರಲ್ಲಿ ಮಾರುತಿ 1,81,754 ಪೆಟ್ರೋಲ್ ಗಾಡಿಗಳನ್ನು ಮೋಟರ್ ಜನರೇಟರ್ ಯೂನಿಟ್ ನೋಡಲು ಕರೆಸಿದಾಗ, ರಿಪೇರಿ ಆಗುವವರೆಗೆ ವಿದ್ಯುತ್ ಭಾಗಗಳ ಮೇಲೆ ನೇರವಾಗಿ ನೀರು ಸಿಡಿಸಬೇಡಿ ಎಂದೇ ಹೇಳಿತ್ತು. ಭಾಗ ಬೇರೆ, ಬುದ್ಧಿಮಾತು ಎಬಿಎಸ್‌ಗೂ ಸಲ್ಲುತ್ತದೆ.

ಸರ್ವೀಸ್ ಸೆಂಟರಿನಲ್ಲಿ

ಫ್ಯೂಸ್ ಬದಲಿಸುವ ರೀಕಾಲ್ ಆದರೆ ಕೆಲಸ ಕೆಲವೇ ನಿಮಿಷದ್ದು. "ಇಷ್ಟಕ್ಕೆ ಕರೆಸಿದ್ರೇನು" ಎನ್ನಿಸುತ್ತದೆ. ಆದರೆ ಕಡಿಮೆ ಆಂಪಿಯರಿನ ಆ ಫ್ಯೂಸು, ಒಳಗಿನ ಅರೆ ಶಾರ್ಟ್ ಬೆಂಕಿಯ ಮಟ್ಟಕ್ಕೆ ಬೆಳೆಯುವ ಮೊದಲೇ ಕರಗಿ ಹೋಗಲೆಂದು ಹಾಕಿದ್ದು. ಅದು ಸೋರಿಕೆಯನ್ನು ನಿಲ್ಲಿಸುವುದಿಲ್ಲ ಎಂಬುದನ್ನು ಮರೆಯಬೇಡಿ. ಮುಂದೆ ಎಂದಾದರೂ ಆ ಫ್ಯೂಸ್ ಹೋದರೆ ಎಬಿಎಸ್ ದೀಪ ಹತ್ತುತ್ತದೆ. ಸಾಮಾನ್ಯ ಬ್ರೇಕ್ ಹಿಡಿಯುತ್ತದೆ, ಎಬಿಎಸ್ ಮಾತ್ರ ಇರುವುದಿಲ್ಲ, ಜೋರಾಗಿ ಒತ್ತಿದರೆ ಚಕ್ರ ಜಾಮ್ ಆಗಿ ಜಾರುತ್ತದೆ. ನಿಧಾನಕ್ಕೆ ಸರ್ವೀಸ್ ಸೆಂಟರಿಗೇ ಹೋಗಬೇಕು.

ದೊಡ್ಡ ಅನಾಹುತ ಆಗುವುದು ಇಲ್ಲಿಯೇ. ದೀಪ ಹತ್ತಿತೆಂದು ದಾರಿಯ ಮೇಲಿನ ಎಲೆಕ್ಟ್ರಿಷಿಯನ್ ಹತ್ತಿರ ಹೋದರೆ, ಅವನು ಫ್ಯೂಸ್ ಬಾಕ್ಸಿನ ಮುಚ್ಚಳದ ಮೇಲಿನ ಹಳೇ ಅಂಕಿ ಓದಿ "ಕಂಪನಿಯವ್ರು ತಪ್ಪು ಫ್ಯೂಸ್ ಹಾಕ್ಯಾರ" ಎಂದು 40 ಆಂಪಿಯರ್ ಹಾಕುತ್ತಾನೆ. ದೀಪ ಆರುತ್ತದೆ. ರೀಕಾಲ್ ಮಾಡಿಸಿದ್ದು ಅಷ್ಟರಲ್ಲೇ ವ್ಯರ್ಥವಾಯಿತು. ಆದ್ದರಿಂದ ಹೊಸ ಫ್ಯೂಸಿನ ಆಂಪಿಯರನ್ನು ಮುಚ್ಚಳದ ಮೇಲೆ ಅಂಟುಚೀಟಿಯಲ್ಲಿ ಬರೆಸಿಕೊಂಡು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಫ್ಯೂಸಿನ ಜಾಗದಲ್ಲಿ ತಾಮ್ರದ ತಂತಿ, ಸಿಗರೇಟ್ ಪಾಕೀಟಿನ ಹಾಳೆ ಯಾವ ಕಾರಣಕ್ಕೂ ಬೇಡ.

ಹೋದ ಸಲ ಆಯಿಲ್ ಮಟ್ಟ ಇಳಿದದ್ದು, ದೀಪ ಬಂದು ಹೋದದ್ದು ಇದ್ದರೆ ಫ್ಯೂಸ್ ಅಷ್ಟೇ ಸಾಲದು, ಯೂನಿಟ್ಟಿನ ಒಳಸೋರಿಕೆ ತಪಾಸಣೆ ಮಾಡಿ ಎಂದು ಜಾಬ್ ಕಾರ್ಡಿನಲ್ಲಿ ಬರೆಸಿ. ಯೂನಿಟ್ ಬದಲಾದರೆ ಸ್ಕ್ಯಾನರ್ ಹಚ್ಚಿ ಎಬಿಎಸ್ ಪಂಪನ್ನು ಓಡಿಸಿ ಏರ್ ತೆಗೆಯಬೇಕು. ಬರೀ ಪೆಡಲ್ ಒತ್ತಿ ಬ್ಲೀಡ್ ಮಾಡಿದರೆ ಬ್ಲಾಕಿನೊಳಗೆ ಗಾಳಿ ಉಳಿದು ಪೆಡಲ್ ಮೆತ್ತಗಾಗುತ್ತದೆ. ಹೊರಡುವ ಮೊದಲು ಪೆಡಲ್ ಒತ್ತಿ ನೋಡಿ, ಕಲ್ಲಿನ ಹಾಗೆ ನಿಲ್ಲಬೇಕು. ಜಾಬ್ ಕಾರ್ಡಿನಲ್ಲಿ ಕ್ಯಾಂಪೇನ್ ನಂಬರ್, ಚಾಸಿಸ್ ನಂಬರ್, ಹಾಕಿದ ಪಾರ್ಟ್ ನಂಬರ್, ತಾರೀಖು ಇರಬೇಕು, ಮೊತ್ತದ ಜಾಗದಲ್ಲಿ ಸೊನ್ನೆ ಇರಬೇಕು. ಹೊರಗೆ ಸರ್ವೀಸ್ ಮಾಡಿಸಿದ್ದೀರಿ, ವಾರಂಟಿ ಮುಗಿದಿದೆ ಎಂಬ ಮಾತು ರೀಕಾಲ್‌ಗೆ ಒಪ್ಪುವುದಿಲ್ಲ, ಅದು ಕಂಪನಿಯ ತಪ್ಪಿನ ರಿಪೇರಿ.

ಕಾನೂನು ನಿಮ್ಮ ಕಡೆಗಿದೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 110ಎ ಕಲಂ ಪ್ರಕಾರ ಕೇಂದ್ರ ಸರ್ಕಾರ ರೀಕಾಲ್‌ಗೆ ಆದೇಶಿಸಬಹುದು. ಇದರ ನಿಯಮ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಏಳು ವರ್ಷದೊಳಗಿನ ಗಾಡಿಗಳಿಗೆ ಅನ್ವಯ, ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ. ಮಾಲೀಕರ ದೂರುಗಳ ಸಂಖ್ಯೆಯ ಮೇಲೆ ಇದು ನಡೆಯುವುದರಿಂದ ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ನೀವು ಹಾಕುವ ಒಂದು ದೂರಿಗೂ ಬೆಲೆ ಇದೆ. ಸರ್ವೀಸ್ ಸೆಂಟರ್ ಸತಾಯಿಸಿದರೆ ಗ್ರಾಹಕ ಸಹಾಯವಾಣಿ 1915. ಆಮೇಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ, ಕಾರಣ ಹುಟ್ಟಿದ ಎರಡು ವರ್ಷದೊಳಗೆ.

ಚಕ್ರದ ಬೆಂಕಿ

ಚೋರ್ಲಾ ಘಾಟ್ ಇಳಿಯುವಾಗ, ವಂಟಮೂರಿ ಘಾಟಿನಲ್ಲಿ ಚಕ್ರದಿಂದ ಹೊಗೆ ಬಂದರೆ ಅದು ರೀಕಾಲ್ ಅಲ್ಲ. ನಿರಂತರ ಬ್ರೇಕ್ ಒತ್ತಿದ್ದು, ಪ್ಯಾಡ್ ಒತ್ತುವ ಕ್ಯಾಲಿಪರಿನ ಪಿಸ್ಟನ್ ಹಿಡಿದುಕೊಂಡದ್ದು, ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸದೆ ಓಡಿಸಿದ್ದು ಕಾರಣ. ಎರಡನೇ ಗೇರಿನಲ್ಲಿ ಇಳಿಯಿರಿ. ಊರಿಗೆ ಬಂದ ಮೇಲೆ ಜಾಕ್ ಹಾಕಿ ಚಕ್ರ ಕೈಯಿಂದ ತಿರುಗಿಸಿ ನೋಡಿ, ಒಂದು ಸರಾಗ, ಅದರ ಜೊತೆಯದು ಬಿಗಿ ಇದ್ದರೆ ಆ ಕ್ಯಾಲಿಪರ್ ಬಿಚ್ಚಬೇಕು. ಕಾದ ಡ್ರಮ್ಮಿಗೆ ತಣ್ಣೀರು ಸುರಿದು ತಣಿಸುವ ರೂಢಿ ಕಬ್ಬಿನ ಲಾರಿಗಳಲ್ಲಿದೆ, ಡ್ರಮ್ ಬಿರಿಯುತ್ತದೆ. ಟೈರಿಗೆ ಬೆಂಕಿಯೇ ಹತ್ತಿದ್ದರೆ ಮಾತು ಬೇರೆ, ಆಗ ನೀರು ಬೇಕೇ ಬೇಕು.

ಹೊಗೆ ಕಂಡರೆ

ಓಡುತ್ತಿದ್ದರೆ ಬದಿಗೆ ನಿಲ್ಲಿಸಿ, ಬಂದ್ ಮಾಡಿ, ಎಲ್ಲರೂ ಇಳಿದು ನೂರಡಿ ದೂರ ಹೋಗಿ 112ಕ್ಕೆ ಫೋನ್ ಮಾಡಿ. ಬಾನೆಟ್ ಪೂರ್ತಿ ಎತ್ತಬೇಡಿ, ಗಾಳಿ ಸಿಕ್ಕಿದರೆ ಒಮ್ಮೆಲೇ ಭುಗಿಲೆಂದು ಮುಖಕ್ಕೆ ಬರುತ್ತದೆ. ಬೆಂಕಿ ಆರಿಸುವ ಒಂದು ಕಿಲೋದ ಎಬಿಸಿ ಪುಡಿಯ ಸಿಲಿಂಡರ್ ಇದ್ದರೆ ಬಾನೆಟ್ ಲಿವರ್ ಎಳೆದು ಬರುವ ಸಣ್ಣ ಸಂದಿನಿಂದ ಹೊಡೆಯಬಹುದು. ಜ್ವಾಲೆ ಹೊರಗೆ ಕಾಣುತ್ತಿದ್ದರೆ ಅದನ್ನೂ ಬಿಡಿ. ಮನೆಯ ಕೆಳಗೆ ಆದರೆ ಮೊದಲು ಮೇಲಿನವರನ್ನು ಎಬ್ಬಿಸಿ ಇಳಿಸಬೇಕು, ಗಾಡಿಯದು ಆಮೇಲೆ.

ವಿಮೆಯ ಕಾಗದ ಇವತ್ತೇ ತೆಗೆದು ನೋಡಿ. ಫುಲ್ ಇನ್ಶೂರೆನ್ಸಿನಲ್ಲಿ ಬೆಂಕಿ ಮತ್ತು ತಾನಾಗಿ ಹೊತ್ತಿಕೊಳ್ಳುವುದು ಎರಡೂ ಸೇರಿವೆ. ಬರೀ ಥರ್ಡ್ ಪಾರ್ಟಿ ಇದ್ದರೆ ನಿಮ್ಮ ಗಾಡಿಗೆ ಏನೂ ಸಿಗುವುದಿಲ್ಲ, ಹಳೇ ಗಾಡಿಗಳಿಗೆ ಬಹುತೇಕ ಇರುವುದು ಅದೇ. ಸುಟ್ಟ ಗಾಡಿಯನ್ನು ವಿಮೆಯ ಸರ್ವೇಯರ್ ನೋಡುವ ಮೊದಲು ಗುಜರಿಗೆ ಕೊಡಬೇಡಿ, ತೊಳೆಯಬೇಡಿ. ಅಗ್ನಿಶಾಮಕ ದಳದ ವರದಿ, ಪೊಲೀಸ್ ಪಂಚನಾಮೆಯ ಪ್ರತಿ ತೆಗೆದುಕೊಳ್ಳಿ. ಎಬಿಎಸ್ ಯೂನಿಟ್ಟು, ಅದರ ವೈರು, ಫ್ಯೂಸ್ ಬಾಕ್ಸು ಇದ್ದ ಜಾಗದಲ್ಲೇ ಇರಲಿ. ಬೆಂಕಿ ಎಲ್ಲಿಂದ ಹೊರಟಿತು ಎಂಬುದು ಆ ಮೂರರಲ್ಲಿ ಓದಲು ಸಿಗುತ್ತದೆ.